ತಾಳೆ ನೋಡಿದವರು

ಜೂನ್ 3, ಮಂಗಳವಾರ

ನಮ್ಮ ಯಜಮಾನರ ಕಪಾಟಿನಲ್ಲಿ ಬರೆಯದ ಲೆಕ್ಕದ ಪುಸ್ತಕಗಳು ಆರು ಸಿಕ್ಕವು. ಗಣಿಯ ಸರ್ವೆ ಕಚೇರಿಯವು. ಗಟ್ಟಿ ರಟ್ಟು, ಒಳ್ಳೆಯ ಕಾಗದ. ಗೆದ್ದಲಿಗೆ ಯಾಕೆ ಹಾಕಬೇಕೆಂದು ಒಂದನ್ನು ನಾನು ಇಟ್ಟುಕೊಂಡೆ. ಪ್ರತಿ ಪುಟದ ಅಡಿಯಲ್ಲೂ ಎರಡು ಗೆರೆ ಅಚ್ಚಾಗಿವೆ: ‘ಲೆಕ್ಕ ಮಾಡಿದವರು’, ‘ತಾಳೆ ನೋಡಿದವರು’. ನಾನು ಬರೆಯುವುದನ್ನು ತಾಳೆ ನೋಡುವ ಅಗತ್ಯ ಯಾರಿಗೂ ಇಲ್ಲ.

ಇವರು ಹೋಗಿ ಒಂಬತ್ತು ತಿಂಗಳಾಯಿತು. ಮನೆಯಲ್ಲಿ ಮಗ, ಸೊಸೆ ಇದ್ದಾರೆ. ನಾನು ಹಜಾರಕ್ಕೆ ಕಾಲಿಟ್ಟರೆ ಮಾತು ನಿಲ್ಲುತ್ತದೆ, ಟಿವಿಯ ಸದ್ದು ತಗ್ಗುತ್ತದೆ. ಮರ್ಯಾದೆ ಎಂದರೆ ಅದು. ನಾನೇ ಕಲಿಸಿದ್ದು. ಇವತ್ತು ಅರ್ಧ ಗಂಟೆ ಹಜಾರದಲ್ಲಿ ಕುಳಿತಿದ್ದೆ. ಗಡಿಯಾರದ ಸದ್ದು ಚೆನ್ನಾಗಿ ಕೇಳಿಸಿತು.

ಗಣಿಯ ಸರ್ವೆಯವರು ಯಾರೋ ನಾಳೆ ನನ್ನನ್ನು ನೋಡಲು ಬರುತ್ತಾರಂತೆ. ಸೊಸೆ ಬಾಗಿಲ ಹೊರಗೆ ನಿಂತೇ ಹೇಳಿದಳು. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಕೂತು ಮನುಷ್ಯರ ಮುಖ ನೋಡದೆ ಮಾತಾಡುವ ಅಭ್ಯಾಸ ಅವಳಿಗೆ.

ಜೂನ್ 4, ಬುಧವಾರ

ಬಂದದ್ದು ಒಂದು ಹುಡುಗಿ. ಈಗ ಇವರಿದ್ದ ಹುದ್ದೆಯಲ್ಲಿ ಇರುವವಳು ಅವಳೇ ಅಂತೆ. ಒಳಗೆ ಬಂದವಳೇ ಇವರ ಕುರ್ಚಿಯಲ್ಲಿ ಕುಳಿತಳು.

“ಕೂತ್ಕೋ ಅಂತ ನಾನು ಹೇಳಿದ್ನಾ?” ಎಂದೆ.

ಎದ್ದು ನಿಂತಳು. “ಇಲ್ಲ ಅಮ್ಮ. ಬೆಳಗ್ಗೆಯಿಂದ ಭೂಮಿ ಕೆಳಗೆ ನಿಂತೇ ಇದ್ದೆ. ಕಾಲು ನನ್ನ ಕೇಳದೇ ಮಡಚ್ಕೊಂಡುಬಿಡ್ತು.”

ನಗಬಾರದೆಂದು ಕಿಟಕಿಯ ಕಡೆ ನೋಡಿದೆ.

ಗಣಿ ಅಳತೆಗಾರರ ಒಂದು ಸಂಘವಿದೆಯಂತೆ. ಹದಿನಾಲ್ಕು ದೇಶಗಳವರು ವರ್ಷಕ್ಕೊಮ್ಮೆ ಸೇರಿ ತಮ್ಮ ತಮ್ಮ ಕಸುಬಿನ ತಿಳಿವಳಿಕೆ ಹಂಚಿಕೊಳ್ಳುತ್ತಾರಂತೆ. ಈ ಸಲ ಪ್ರತಿಯೊಂದು ದೇಶವೂ ತನ್ನಲ್ಲಿ ತಪ್ಪಿಹೋದ ಒಂದು ಅಳತೆಯನ್ನು ಎಲ್ಲರ ಮುಂದೆ ಇಡಬೇಕು. ನಮ್ಮ ಕಡೆಯಿಂದ ಇವಳು ಆರಿಸಿಕೊಂಡಿರುವುದು ಮೂವತ್ತೊಂದು ವರ್ಷದ ಹಿಂದಿನ ಸುರಂಗದ ವಿಷಯ. ಇವರ ಸುರಂಗ.

“ಹದಿನಾಲ್ಕು ದೇಶದವರು ಕೂತು ಸತ್ತವರ ತಪ್ಪು ಎಣಿಸ್ತೀರಾ? ಬೇರೆ ಕೆಲಸ ಇಲ್ವಾ ನಿಮಗೆ?”

“ಸರಿಯಾಗಿದ್ದನ್ನ ಎಲ್ಲರೂ ಹೇಳ್ಕೋತಾರೆ ಅಮ್ಮ. ತಪ್ಪಿದ್ದನ್ನ ಮುಚ್ಚಿಡ್ತಾರೆ. ಆಮೇಲೆ ಇನ್ಯಾವುದೋ ದೇಶದಲ್ಲಿ ಇನ್ಯಾರೋ ಅದೇ ತಪ್ಪು ಮಾಡ್ತಾರೆ. ಸರ್ ಅವರ ಪುಸ್ತಕಗಳು ನಿಮ್ಮ ಹತ್ರ ಇವೆ ಅಂತ ಕೇಳಿದ್ದೆ.”

ಕೊಡುವುದಿಲ್ಲ ಎಂದೆ. ಚಹಾ ಕುಡಿದು ಹೋದಳು. ಲೋಟವನ್ನು ತಾನೇ ತೊಳೆದಿಟ್ಟು ಹೋದಳು.

ಜೂನ್ 6, ಶುಕ್ರವಾರ

ಆ ವಿಷಯವನ್ನು ನಾನೇ ಒಮ್ಮೆ ಸರಿಯಾಗಿ ಬರೆದಿಡುತ್ತೇನೆ. ಬೇರೆಯವರು ಬಾಯಿಗೆ ಬಂದದ್ದು ಬರೆಯುವುದು ಬೇಡ.

ನೆಲದೊಳಕ್ಕೆ ನೆಟ್ಟಗೆ ಇಳಿಯುವ ಎರಡು ಶಾಫ್ಟುಗಳ ಕಡೆಯಿಂದ ಒಂದೇ ಸುರಂಗ ಕೊರೆಯುತ್ತಿದ್ದರು. ನಡುವೆ ಎರಡೂ ತುದಿ ಒಂದಕ್ಕೊಂದು ಎದುರಾಗಬೇಕು. ನೆಲದ ಕೆಳಗೆ ದಿಕ್ಕು ತಿಳಿಯಲು ಸೂರ್ಯನೂ ಇಲ್ಲ, ಮರವೂ ಇಲ್ಲ. ಶಾಫ್ಟಿನಲ್ಲಿ ಎರಡು ತಂತಿ ಇಳಿಬಿಟ್ಟು, ತುದಿಗೆ ಭಾರದ ಗುಂಡು ಕಟ್ಟಿ, ಗುಂಡು ಓಲಾಡದಂತೆ ಎಣ್ಣೆಯ ಡಬ್ಬಿಯಲ್ಲಿ ಮುಳುಗಿಸುತ್ತಾರೆ. ಮೇಲೆ ಆ ಎರಡು ತಂತಿಗಳ ಸಾಲು ಯಾವ ದಿಕ್ಕಿಗಿದೆಯೋ ಕೆಳಗೂ ಅದೇ ದಿಕ್ಕು. ಅಲ್ಲಿಂದ ಒಂದೊಂದೇ ಕೋನ ಅಳೆಯುತ್ತಾ ಮುಂದಕ್ಕೆ ಹೋಗುವುದು. ಇಷ್ಟಕ್ಕೂ ತಂತಿ ಅಲುಗಬಾರದು. ಗಾಳಿ ಬೀಸುವ ದೊಡ್ಡ ಫ್ಯಾನನ್ನು ಅಷ್ಟು ಹೊತ್ತು ನಿಲ್ಲಿಸಬೇಕು.

ಎರಡು ತುದಿ ಸೇರಿದ ದಿನ ಒಂದು ಅಡಿ ಹತ್ತು ಅಂಗುಲ ಅಡ್ಡಕ್ಕೆ ತಪ್ಪಿತ್ತು. ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಇವರನ್ನು ಆರು ವರ್ಷ ಗಣಿಗೆ ಇಳಿಸಲಿಲ್ಲ. ಅಂಥ ಅಳತೆಗಾರನಿಗೆ ವಸತಿಗಳ ಚರಂಡಿ ಅಳೆಯುವ ಕೆಲಸ ಕೊಟ್ಟರು.

ಹೇಗಾಯಿತು ಎಂದು ನಾನು ಕೇಳಿದಾಗ ಇವರು ಹೇಳಿದ್ದು ಒಂದೇ ಮಾತು: “ಗಾಳಿ ಇರಬಹುದು.” ನನಗೆ ಅಷ್ಟು ಸಾಕಾಯಿತು. ಫ್ಯಾನು ನೋಡಿಕೊಳ್ಳುತ್ತಿದ್ದವನು ನಮ್ಮ ಹಿಂದಿನ ಬೀದಿಯವನು. ಎಲ್ಲರೂ ಅವನನ್ನು ಗಾಳಿಯಪ್ಪ ಎನ್ನುತ್ತಿದ್ದರು. ಅವನು ಸರಿಯಾಗಿ ಫ್ಯಾನು ನಿಲ್ಲಿಸಲಿಲ್ಲ ಎಂದು ನಲ್ಲಿಯ ಹತ್ತಿರ, ನಾಲ್ಕು ಜನರ ಮುಂದೆ, ಅವನ ಹೆಂಡತಿಗೇ ಹೇಳಿದೆ. ಅವಳು ನನ್ನ ಗೆಳತಿ. ಬಿಂದಿಗೆ ಅರ್ಧ ತುಂಬಿತ್ತು, ಅಷ್ಟನ್ನೇ ಎತ್ತಿಕೊಂಡು ಹೋದಳು. ಆಮೇಲೆ ನಾವು ಮಾತಾಡಲಿಲ್ಲ. ನಾಲ್ಕು ವರ್ಷದ ಹಿಂದೆ ಅವಳು ತೀರಿಹೋದಾಗ ನಾನು ಕಿಟಕಿ ಹಾಕಿಕೊಂಡು ಒಳಗಿದ್ದೆ.

ಇದು ನಡೆದದ್ದು.

ಜೂನ್ 9, ಸೋಮವಾರ

ಯೋಚಿಸಿದೆ. ಪುಸ್ತಕ ಕೊಡುತ್ತೇನೆ. ಹದಿನಾಲ್ಕು ದೇಶದವರು ನೋಡಲಿ. ತಪ್ಪು ಗಾಳಿಯದು ಎಂದು ಅವರೇ ಬರೆಯಲಿ. ಇವರ ಹೆಸರಿಗೆ ಅಂಟಿದ್ದು ಇವರು ಹೋದ ಮೇಲಾದರೂ ಹೋಗಲಿ.

ಗಣಿಯೊಳಗೆ ಅಳತೆ ಬರೆದುಕೊಂಡ ನಾಲ್ಕು ಫೀಲ್ಡ್ ಬುಕ್ಕು, ಒಂದು ಕಟ್ಟು ಲೆಕ್ಕದ ಹಾಳೆ. ಹಾಳೆಗಳಲ್ಲಿರುವುದು ನನ್ನ ಅಕ್ಷರ. ಹೈಸ್ಕೂಲಿನಲ್ಲಿ ಗಣಿತಕ್ಕೆ ನಾನೇ ಮೊದಲು. ಇವರ ಸಹಾಯಕನ ಜಾಗ ಖಾಲಿಯಿದ್ದಾಗ ಶುರುವಾದದ್ದು, ಕೊನೆಯವರೆಗೂ ನಡೆಯಿತು. ಇವರು ಚೀಟಿಯಲ್ಲಿ ಕೋನ, ಉದ್ದ ಬರೆದು ತರುತ್ತಿದ್ದರು. ಸಂಜೆ ಅಡುಗೆ ಮುಗಿಸಿ ನಾನು ಲಾಗ್ ಟೇಬಲ್ ಪುಸ್ತಕ ಹಿಡಿದು ಕೂರುತ್ತಿದ್ದೆ. ಕಚೇರಿಗೆ ಹೇಳುವಂತಿರಲಿಲ್ಲ. ಹಾಗಾಗಿ ‘ಲೆಕ್ಕ ಮಾಡಿದವರು’ ಗೆರೆಯನ್ನು ಇವರು ಖಾಲಿ ಬಿಡುತ್ತಿದ್ದರು. ಸುಳ್ಳು ಬರೆಯುವವರಲ್ಲ. ‘ತಾಳೆ ನೋಡಿದವರು’ ಎಂಬಲ್ಲಿ ಮಾತ್ರ ಸಹಿ.

ಲಾಗ್ ಟೇಬಲನ್ನು ಕೊಡುವುದಿಲ್ಲ. ಅದು ನನ್ನದು. ನಲವತ್ತೈದು ಡಿಗ್ರಿ ದಾಟಿದರೆ ಅದರಲ್ಲಿ ಡಿಗ್ರಿಯನ್ನು ಪುಟದ ಅಡಿಯಲ್ಲಿ ನೋಡಬೇಕು, ಮಿನಿಟುಗಳನ್ನು ಬಲಗಡೆ ಅಂಚಿನಲ್ಲಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಪ್ರತಿ ಪುಟದ ಬಲ ಅಂಚಿನಲ್ಲೂ ಇವರು ಕೆಂಪು ಶಾಯಿಯಲ್ಲಿ ಮೇಲ್ಮುಖದ ಬಾಣ ಬರೆದಿದ್ದಾರೆ. ಚರಂಡಿ ಅಳೆಯಲು ಹಾಕಿದ ವರ್ಷವೇ ಬರೆದದ್ದು. “ಇದೇನು?” ಎಂದಿದ್ದೆ. “ನನಗೇ. ಕಣ್ಣು ಮಂಜಾಗ್ತಿದೆ” ಎಂದಿದ್ದರು. ಅದಾದ ಮೇಲೂ ಹತ್ತು ವರ್ಷ ಕನ್ನಡಕವಿಲ್ಲದೆ ಪೇಪರು ಓದಿದರು. ವಿಚಿತ್ರ ಮನುಷ್ಯ.

ಜೂನ್ 11, ಬುಧವಾರ

ಹುಡುಗಿ ಬಂದು ಪುಸ್ತಕ ತೆಗೆದುಕೊಂಡು ಹೋದಳು. ಕಪಾಟು ಬರಿದಾಯಿತು. ಒರೆಸಿಟ್ಟೆ.

ಜೂನ್ 19, ಗುರುವಾರ

ಬರೆಯುವಂಥದ್ದೇನೂ ಇಲ್ಲ.

ಜುಲೈ 2, ಬುಧವಾರ

ಸರ್ವೆಯವರು ಪುಟಗಳ ಫೋಟೋ ತೆಗೆದು ಎಲ್ಲ ದೇಶಗಳಿಗೂ ಕಳಿಸಿದ್ದಾರೆ. ಬಂದ ಉತ್ತರಗಳನ್ನು ಹುಡುಗಿ ನನಗೂ ಕಳಿಸುತ್ತಿದ್ದಾಳೆ. ಎಲ್ಲ ಇಂಗ್ಲಿಷಿನಲ್ಲಿ. ಸೊಸೆಯನ್ನು ಕರೆದು ಓದಿ ಹೇಳು ಎಂದೆ. ಮಂಚದ ತುದಿಯಲ್ಲಿ, ಯಾವ ಗಳಿಗೆಯಲ್ಲಾದರೂ ಎದ್ದು ಓಡುವವಳಂತೆ ಕುಳಿತಳು.

ತಂತಿಯ ಓಲಾಟವನ್ನು ಇವರು ಒಂದೊಂದು ತಂತಿಗೆ ಅರವತ್ತು ಸಲ ಓದಿ ಬರೆದಿದ್ದಾರಂತೆ. ಇಂಥ ತಾಳ್ಮೆಯ ಕೆಲಸ ನೋಡಿಲ್ಲ ಎಂದು ಒಬ್ಬರು. ತಮ್ಮ ವಿದ್ಯಾರ್ಥಿಗಳಿಗೆ ತೋರಿಸುತ್ತೇವೆ ಎಂದು ಇನ್ನೊಬ್ಬರು. ಹಿಮ ಬೀಳುವ ಯಾವುದೋ ದೇಶದ ಹೆಂಗಸೊಬ್ಬಳು ಇವರು ಅಂಕಿ ಬರೆಯುವ ಚಂದವನ್ನು ಹೊಗಳಿದ್ದಾಳೆ.

“ಮಾವ ಒಂದು ದಿನಾನೂ ಹೇಳ್ಕೊಳ್ಳಲಿಲ್ಲ ಅಲ್ವಾ ಅತ್ತೆ?” ಎಂದಳು ಸೊಸೆ.

“ಹೇಳ್ಕೊಳ್ಳೋ ಜನ ಅಲ್ಲ ಅವರು. ಮುಂದೆ ಓದು.”

ಎರಡು ಸಲ ಓದಿಸಿದೆ. ಅವಳ ಗಂಟಲು ಒಣಗಿತ್ತು, ನೀರು ತಂದುಕೊಟ್ಟೆ. ಅಷ್ಟಕ್ಕೇ ಗಾಬರಿಯಾದಳು.

ಜುಲೈ 21, ಸೋಮವಾರ

ದೂರದ ದೇಶದ ಒಬ್ಬ ಮುದುಕರ ಕಾಗದ ಬಂದಿದೆ. ಎಂಬತ್ತೆರಡು ವರ್ಷ. ಕೈಯಲ್ಲಿ ಲಾಗ್ ಹಿಡಿದು ಲೆಕ್ಕ ಮಾಡಿದ ಕಾಲದವರು. ಇಡೀ ಲೆಕ್ಕವನ್ನು ಹೊಸದಾಗಿ ಮಾಡಿ ನೋಡಿದ್ದಾರೆ. ಸೊಸೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

ತಂತಿ ಅಲುಗಿಲ್ಲ. ಗಾಳಿಗೂ ಇದಕ್ಕೂ ಸಂಬಂಧವಿಲ್ಲ. ಫೀಲ್ಡ್ ಬುಕ್ಕಿನಲ್ಲೇ ಅಳತೆಗಾರರ ಕೈಬರಹವಿದೆ: ‘ಫ್ಯಾನ್ ನಿಂತಿತು 11.05. ಮತ್ತೆ ಶುರು 3.50.’ ಅಳತೆಯಲ್ಲಿ ಹುಡುಕಿದರೂ ದೋಷವಿಲ್ಲ. ದೋಷ ಇರುವುದು ಲೆಕ್ಕದ ಹಾಳೆಯ ಏಳನೆಯ ಸಾಲಿನಲ್ಲಿ. ಮುನ್ನೂರ ತೊಂಬತ್ತನಾಲ್ಕು ಅಡಿ ಉದ್ದ, ಅರವತ್ತೇಳು ಡಿಗ್ರಿ ಇಪ್ಪತ್ತೆರಡು ಮಿನಿಟು. ಡಿಗ್ರಿಯನ್ನು ಸರಿಯಾಗಿ ಅಡಿಯಿಂದ ನೋಡಿ, ಮಿನಿಟನ್ನು ಮಾತ್ರ ಎಡಗಡೆಯಿಂದ ಓದಿದ್ದಾರೆ. ಇಪ್ಪತ್ತೆರಡಕ್ಕೆ ಬದಲು ಮೂವತ್ತೆಂಟರ ಬೆಲೆ ಬಂದಿದೆ. ಅದಿಷ್ಟರಿಂದಲೇ ಒಂದು ಅಡಿ ಹತ್ತು ಅಂಗುಲ.

ಆಮೇಲೆ ಒಂದು ಪ್ರಶ್ನೆ. ಹಾಳೆಯಲ್ಲಿ ‘ನಾಲ್ಕು’ ಎಂಬ ಅಂಕಿ ಬರೆದ ಕೈಯೂ ಫೀಲ್ಡ್ ಬುಕ್ಕಿನಲ್ಲಿ ಅದನ್ನು ಬರೆದ ಕೈಯೂ ಒಂದೇ ಅಲ್ಲ. ‘ಲೆಕ್ಕ ಮಾಡಿದವರು’ ಎಂಬ ಗೆರೆ ಖಾಲಿಯಿದೆ. ಯಾರವರು?

ಸೊಸೆ ಕಾಗದ ಮಡಚಿ ನನ್ನನ್ನು ನೋಡಿದಳು. ಈ ಮನೆಯಲ್ಲಿ ಹಾಲಿನವನ ಚೀಟಿಯಿಂದ ಹಿಡಿದು ಎಲ್ಲದರ ಮೇಲೂ ನನ್ನ ನಾಲ್ಕುಗಳನ್ನು ಅವಳು ನೋಡಿದ್ದಾಳೆ.

“ಹೋಗು, ಕೆಲಸ ನೋಡು” ಎಂದೆ.

ಜುಲೈ 22, ಮಂಗಳವಾರ

ಊಟ ಬೇಡವೆಂದೆ.

ಲಾಗ್ ಟೇಬಲ್ ತೆಗೆದೆ. ನಲವತ್ತೈದು ಪುಟ, ನಲವತ್ತೈದು ಬಾಣ. ಅರವತ್ತೇಳರ ಪುಟದ ಬಾಣ ಉಳಿದವುಗಳಿಗಿಂತ ದಪ್ಪ. ಅದರ ಮೇಲೆ ಎರಡು ಸಲ ಎಳೆದಿದ್ದಾರೆ.

ಆ ಸಂಜೆ ನೆನಪಿದೆ. ಇವರು ನೆನೆದು ಬಂದಿದ್ದರು, ಮೈ ಸುಡುತ್ತಿತ್ತು. ಹಾಳೆ ಮುಂದಿಟ್ಟೆ. “ಸರಿಯಾಗಿದೆಯಾ? ಒಂದ್ಸಲ ನೋಡ್ಲಾ?” ಎಂದರು. “ನನ್ನ ಲೆಕ್ಕ ಯಾವತ್ತು ತಪ್ಪಿದೆ?” ಎಂದೆ. ಜೋರಾಗಿಯೇ ಎಂದೆ. ಸಹಿ ಹಾಕಿಬಿಟ್ಟರು.

ನನಗೋಸ್ಕರ ಬರೆದ ಬಾಣ. ಅದನ್ನು ನೋಡಿಕೊಂಡೇ ಮತ್ತೆ ಅಷ್ಟು ವರ್ಷ ಲೆಕ್ಕ ಮಾಡಿದೆ.

ಜುಲೈ 23, ಬುಧವಾರ

ಹುಡುಗಿ ಬಂದಳು. ನಾನು ಹೇಳುವವರೆಗೂ ನಿಂತೇ ಇದ್ದಳು. ಸೊಸೆ ಏನಾದರೂ ಹೇಳಿದ್ದಾಳೋ ಅಥವಾ ಇವಳೇ ಊಹಿಸಿದಳೋ.

“ಅಮ್ಮ, ಲೆಕ್ಕದಲ್ಲಿ ಕೈತಪ್ಪು ಅಂತ ಬರೆದರೆ ಸಾಕು. ಸರ್ ಸಹಿ ಇದೆ. ಯಾರೂ ಮುಂದೆ ಕೇಳಲ್ಲ.”

“ಆಗ ತಪ್ಪು ಯಾರದಾಗುತ್ತೆ?”

ಇವರ ಸಹಿ ಇದ್ದ ಹಾಳೆಯನ್ನು ತೆಗೆದು ನನ್ನ ಮುಂದಿಟ್ಟಳು.

“ಗಾಳಿ ಅಂತಲೇ ಬಿಟ್ಟರೆ?”

“ಅದು ಸುಳ್ಳಾಗುತ್ತೆ ಅಮ್ಮ. ಅಲ್ಲದೆ ಸರ್ ಅವರೇ ಎಲ್ಲೂ ಹಾಗೆ ಹೇಳಿಲ್ಲ. ಕಚೇರಿಯ ಕಡತ ನೋಡಿದೆ. ವಿಚಾರಣೆಯಲ್ಲಿ ಎರಡೇ ಸಾಲು ಬರೆದುಕೊಟ್ಟಿದ್ದಾರೆ. ‘ಲೆಕ್ಕದಲ್ಲಿ ತಪ್ಪಾಗಿದೆ. ತಾಳೆ ನೋಡದೆ ಸಹಿ ಹಾಕಿದ್ದೇನೆ, ಜವಾಬ್ದಾರಿ ನನ್ನದು.’”

ಎಂದರೆ ಕಚೇರಿಗೆಲ್ಲ ಗೊತ್ತಿತ್ತು. ಗಾಳಿ ಎಂಬ ಮಾತು ಈ ಮನೆಯೊಳಗೆ ಒಂದು ಸಲ ಮಾತ್ರ ಹುಟ್ಟಿದ್ದು. ಊರಿಡೀ ಹಬ್ಬಿಸಿದವಳು ನಾನು.

ಭಾನುವಾರದವರೆಗೆ ಸಮಯ ಕೇಳಿದೆ. ನಾನು ಯಾರ ಹತ್ತಿರವೂ ಸಮಯ ಕೇಳಿದವಳಲ್ಲ.

ಜುಲೈ 27, ಭಾನುವಾರ

ಬೆಳಗ್ಗೆ ಹಿಂದಿನ ಬೀದಿಗೆ ಹೋದೆ. ಇನ್ನೂರು ಹೆಜ್ಜೆ. ಎಣಿಸಿದೆ.

ಬಾಗಿಲು ತೆರೆದಿತ್ತು. ಕಿಟಕಿಗಳೂ ತೆರೆದಿದ್ದವು. ಗಾಳಿಯಪ್ಪ ಮೇಜಿನ ಮುಂದೆ ಕೂತು ಒಂದು ಗೋಡೆ ಗಡಿಯಾರ ಬಿಚ್ಚಿಕೊಂಡಿದ್ದರು. ಬಹಳ ಮುದುಕರಾಗಿದ್ದಾರೆ. ಕತ್ತೆತ್ತಿ ನೋಡಿ, ಸ್ಕ್ರೂ ಕೆಳಗಿಟ್ಟರು.

“ಬಾಗಿಲು ತೆಗೆದೇ ಇತ್ತು” ಎಂದೆ.

“ಗಾಳಿ ಬರಲಿ ಅಂತ. ನನ್ನ ಕಸುಬು ಅದೇ ಅಲ್ವಾ” ಎಂದರು.

ನಿಂತುಕೊಂಡೇ ಹೇಳಿದೆ. ಏಳನೆಯ ಸಾಲು, ಇಪ್ಪತ್ತೆರಡು ಮಿನಿಟು, ನನ್ನ ಕೈ. ಅವರ ಫ್ಯಾನು ನಿಂತಿತ್ತು ಎಂದೆ.

“ನಿಂತಿತ್ತು. ನಾನೇ ನಿಲ್ಲಿಸಿದ್ದಲ್ವಾ, ನನಗೆ ಗೊತ್ತಿಲ್ವಾ? ಲೆಕ್ಕ ನಿಮ್ಮದು ಅಂತಲೂ ಗೊತ್ತು. ಮಾರನೇ ವಾರವೇ ನಿಮ್ಮನೆಯವರು ಬಂದು ಹೇಳಿದ್ರು.”

“ನಿಮಗೆ ಹೇಳಿದ್ರಾ?” ಎಂದೆ.

“ಅವಳಿಗೆ ಗೊತ್ತಾಗೋದು ಬೇಡ ಅಂದ್ರು. ಗೊತ್ತಾದ್ರೆ ಲೆಕ್ಕ ಮಾಡೋದನ್ನೇ ಬಿಡ್ತಾಳೆ, ಮನೇಲಿ ಅವಳಿಗೆ ಅಂತ ಇರೋದು ಅದೊಂದೇ ಅಂದ್ರು. ಆಯ್ತು ಅಂತ ಮಾತು ಕೊಟ್ಟೆ. ಮಾತು ಕೊಟ್ಟ ಮೇಲೆ ಮುಗೀತು. ನನ್ನ ಹೆಂಡತಿಗೂ ಹೇಳಲಿಲ್ಲ.”

“ನನ್ನಿಂದ ನಿಮಗೆ...”

“ನನಗೇನೂ ಆಗಲಿಲ್ಲ. ಕೆಲಸದಲ್ಲಿರೋನಿಗೆ ದಿನಕ್ಕೆ ನೂರು ಮಾತು ಬೀಳುತ್ತೆ. ನನ್ನವಳು ನಲ್ಲಿ ಹತ್ರ ಹೋಗೋದು ಬಿಟ್ಟಳು. ಡ್ಯೂಟಿಗೆ ಮುಂಚೆ ನೀರು ನಾನೇ ತಂದಿಟ್ಟು ಹೋಗ್ತಿದ್ದೆ. ಮನೆ ಒಳಗೆ ನಲ್ಲಿ ಬರೋವರೆಗೂ. ಒಂಬತ್ತು ವರ್ಷ.” ಸ್ಕ್ರೂ ಮತ್ತೆ ಕೈಗೆ ತೆಗೆದುಕೊಂಡರು. “ಇದನ್ನ ನೀವು ಹೇಳಬೇಕಾಗಿದ್ದು ಅವಳಿಗೆ. ನಾನೂ ಹೇಳಬೇಕಾಗಿತ್ತು.”

ಮೇಜಿನ ಆಚೆ ಇನ್ನೊಂದು ಕುರ್ಚಿ ಇತ್ತು. ಅದರ ಮೇಲೆ ಅವಳು ಹೊಲಿದ ದಿಂಬು. ಅಂಚಿಗೆ ನೀಲಿ ದಾರ. ಆ ದಾರವನ್ನು ನಾವಿಬ್ಬರೂ ಒಟ್ಟಿಗೆ ಹೋಗಿ ತಂದಿದ್ದೆವು.

ಮನೆಗೆ ಬಂದೆ. ಬರುವಾಗ ಹೆಜ್ಜೆ ಎಣಿಸಲಿಲ್ಲ.

ಆಗಸ್ಟ್ 1, ಶುಕ್ರವಾರ

ಕಾಗದ ಬರೆಸಿದೆ. ಸೊಸೆ ನನ್ನ ಪಕ್ಕದಲ್ಲೇ ಕುಳಿತು ಇಂಗ್ಲಿಷಿಗೆ ಮಾಡಿದಳು. ನಾನು ಹೇಳಿದ್ದು ಇಷ್ಟು:

‘ಲೆಕ್ಕ ಮಾಡಿದವಳು ನಾನು, ಅಳತೆಗಾರರ ಹೆಂಡತಿ. ಹೈಸ್ಕೂಲಿನವರೆಗೆ ಓದಿದ್ದೇನೆ. ಏಳನೆಯ ಸಾಲಿನ ತಪ್ಪು ನನ್ನದು. ಅವರು ತಾಳೆ ನೋಡುತ್ತೇನೆಂದರು, ನಾನು ಬಿಡಲಿಲ್ಲ. ಫ್ಯಾನು ಸರಿಯಾದ ಹೊತ್ತಿಗೆ ನಿಂತಿತ್ತು. ಇದಿಷ್ಟನ್ನೂ ನನ್ನ ಹೆಸರಿನಲ್ಲೇ ಅಚ್ಚು ಹಾಕಬೇಕು. ಹೆಸರು ಬಿಟ್ಟರೆ ಪುಸ್ತಕಗಳನ್ನು ವಾಪಸು ಕಳಿಸಿ.’

“ಅತ್ತೆ, ಕೊನೆಯದು ಸ್ವಲ್ಪ ಬಿರುಸಾಯ್ತೇನೋ?”

“ಬಿರುಸಾಗಿರ್ಲಿ. ಬರೆದದ್ದನ್ನ ಓದು, ಎಲ್ಲಾ ಬಂದಿದೆಯಾ ನೋಡ್ತೀನಿ.”

“ನಿಮಗೆ ಇಂಗ್ಲಿಷ್ ಅರ್ಥ ಆಗುತ್ತಾ?”

“ಅಂಕಿ ಅರ್ಥ ಆಗುತ್ತೆ.”

ನಕ್ಕಳು. ಇದಕ್ಕೆ ಮೊದಲು ನನ್ನ ಎದುರಿಗೆ ಅವಳು ನಕ್ಕದ್ದು ಯಾವಾಗ ಎಂದು ನೆನಪಾಗಲಿಲ್ಲ. ಬಾಣದ ಪುಟದ ಫೋಟೋವನ್ನೂ ಅವಳೇ ತೆಗೆದು ಜೊತೆಗೆ ಹಾಕಿದಳು. ನಾನು ಹೇಳಿರಲಿಲ್ಲ, ಬೇಡ ಎನ್ನಲೂ ಇಲ್ಲ.

ಆಗಸ್ಟ್ 13, ಬುಧವಾರ

ಸಂಜೆ ಹಜಾರದಲ್ಲಿ ಯಾರೂ ಟಿವಿಯ ಸದ್ದು ತಗ್ಗಿಸಲಿಲ್ಲ. ಗದರಬೇಕೆಂದಿದ್ದೆ, ಮರೆತುಹೋಯಿತು.

ಆಗಸ್ಟ್ 23, ಶನಿವಾರ

ಸಭೆ ಮುಗಿಯಿತಂತೆ. ಹುಡುಗಿ ಬಂದಿದ್ದಳು. ಗೋಡೆಯ ಮೇಲೆ ದೊಡ್ಡದಾಗಿ ಬಾಣದ ಪುಟವನ್ನು ತೋರಿಸಿದಾಗ ಹದಿನಾಲ್ಕು ದೇಶದವರಲ್ಲಿ ಹಲವರು ಹತ್ತಿರ ಬಂದು ನೋಡಿದರು ಎಂದಳು.

“ಈಗ ಯಾರು ಲಾಗ್ ಟೇಬಲ್ ಹಿಡೀತಾರೆ? ಅವರಿಗೆ ಅದರಿಂದ ಏನು ಸಿಕ್ತು?” ಎಂದೆ.

“ಈಗ ಯಂತ್ರ ಲೆಕ್ಕ ಮಾಡುತ್ತೆ ಅಮ್ಮ. ಅದನ್ನೂ ನಾವು ನೋಡದೇ ಸಹಿ ಹಾಕ್ತೀವಿ. ಆವತ್ತು ಸಭೆಯಲ್ಲಿ ಆರು ಜನ ಎದ್ದು, ನಾವೂ ಹಾಕಿದ್ದೀವಿ ಅಂದ್ರು. ನಾನು ಏಳನೆಯವಳು.”

ಆ ಮುದುಕರು ಒಂದು ಕಟ್ಟು ಕಳಿಸಿದ್ದಾರೆ. ಬೇರೊಂದು ದೇಶದ ಮುಚ್ಚಿಹೋದ ಗಣಿಯ ಹಳೆಯ ಕೋನಗಳು. ಅದರೊಳಗೆ ನೀರು ತುಂಬಿದೆ, ಪಕ್ಕದಲ್ಲೇ ಹೊಸದು ತೋಡುತ್ತಿದ್ದಾರೆ, ಹಳೆಯದಕ್ಕೆ ತಗುಲಿದರೆ ನೀರು ನುಗ್ಗುತ್ತದೆ. ಯಂತ್ರದ ಉತ್ತರ ಅವರ ಬಳಿ ಇದೆ. ಆದರೆ ಆ ಕಾಲದ ರೀತಿಯಲ್ಲೇ ಕೈಯಿಂದ ಮಾಡಿದರೆ ಹಳಬರು ಎಲ್ಲಿ ಎಡವಿದ್ದರೆಂದು ತಿಳಿಯುತ್ತದಂತೆ. ಹಾಗೆ ಮಾಡಬಲ್ಲವರು ಈಗ ಬೆರಳೆಣಿಕೆಯಷ್ಟು. ‘ಲೆಕ್ಕ ಮಾಡಿದವರಿಗೆ’ ಎಂದು ಕಾಗದದ ತಲೆಯಲ್ಲಿ ಬರೆದಿದ್ದಾರೆ.

ತಪ್ಪು ಮಾಡಿದವಳೆಂದು ಗೊತ್ತಿದ್ದೂ ಕಳಿಸಿದ್ದಾರೆ. ಅವರ ಧೈರ್ಯ.

ಆಗಸ್ಟ್ 29, ಶುಕ್ರವಾರ

ನಾಲ್ಕು ಹಾಳೆ ಮುಗಿಯಿತು. ಅಡಿಯಲ್ಲಿ ‘ಲೆಕ್ಕ ಮಾಡಿದವರು’ ಎಂಬಲ್ಲಿ ನನ್ನ ಪೂರ್ತಿ ಹೆಸರು ಬರೆದೆ. ಆ ಗೆರೆಯ ಮೇಲೆ ಮೊದಲ ಸಲ. ಅದರ ಕೆಳಗಿನ ಗೆರೆಯನ್ನು ಬಹಳ ಹೊತ್ತು ನೋಡಿದೆ. ಅಲ್ಲಿ ಇರಬೇಕಾದ ಸಹಿ ಇನ್ನು ಬರುವುದಿಲ್ಲ.

ಹಾಳೆಗಳನ್ನೂ ಲಾಗ್ ಟೇಬಲನ್ನೂ ಚೀಲದಲ್ಲಿ ಹಾಕಿಕೊಂಡು ಹಿಂದಿನ ಬೀದಿಗೆ ಹೋದೆ.

“ಇದನ್ನ ಬೇರೆಯವರು ನೋಡಬೇಕು. ಫ್ಯಾನಿನ ಗಾಳಿ ಲೆಕ್ಕ ಹಾಕಿದವರು ನೀವು, ಲಾಗ್ ಬರುತ್ತಲ್ಲ” ಎಂದೆ.

ಗಾಳಿಯಪ್ಪ ನನ್ನನ್ನೂ ಚೀಲವನ್ನೂ ನೋಡಿದರು. “ನಿಮ್ಮ ಲೆಕ್ಕ ಬೇರೆಯವರು ನೋಡಬೇಕು ಅನ್ನೋದು ಯಾವತ್ತಿನಿಂದ?” ಎಂದರು.

ಅವರ ಮುಂದಕ್ಕೆ ಚಾಚಿದೆ. ಚೀಲ ತೆಗೆದುಕೊಂಡರು. “ಮಂಗಳವಾರ ಬನ್ನಿ.”

ಸೆಪ್ಟೆಂಬರ್ 2, ಮಂಗಳವಾರ

ಹೋದೆ. ಗಡಿಯಾರಗಳನ್ನು ಒಂದು ಬದಿಗೆ ಸರಿಸಿ, ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದ್ದರು.

“ತಪ್ಪಿದೆ” ಎಂದರು. ನಾಲ್ಕು ದಿನ ಕಾದಿದ್ದು ಆ ಒಂದು ಮಾತು ಹೇಳಲೆಂಬಂತೆ ಹೇಳಿದರು.

“ಎಲ್ಲಿ?”

“ಮೂರನೇ ಹಾಳೆ. ಕೂಡೋದ್ರಲ್ಲಿ ಕೈಗೆ ಬಂದ ಒಂದನ್ನ ಬಿಟ್ಟಿದ್ದೀರಿ.”

ಇರಲಾರದು ಎನ್ನಲು ಬಾಯಿ ತೆರೆದೆ. ನೋಡಿದೆ. ಬಿಟ್ಟಿದ್ದೆ.

ಕುಳಿತುಕೊಳ್ಳಿ ಎಂದು ಅವರು ಹೇಳಲಿಲ್ಲ. ಆ ಕುರ್ಚಿಯ ಮೇಲೆ ದಿಂಬು ಹಾಗೇ ಇತ್ತು. ಪೆನ್ಸಿಲು ತೆಗೆದುಕೊಂಡು ನಿಂತೇ ತಿದ್ದಿದೆ. ತಿದ್ದಿದ ಹಾಳೆಯನ್ನು ಅವರು ಮತ್ತೆ ಮೊದಲ ಸಾಲಿನಿಂದ ನೋಡಿದರು. ಪ್ರತಿ ಸಾಲಿಗೂ ಟೇಬಲಿನ ಪುಟ ತಿರುವಿ, ನಲವತ್ತೈದು ದಾಟಿದ ಕಡೆಯಲ್ಲೆಲ್ಲ ಕೆಂಪು ಬಾಣದ ಮೇಲೆ ಬೆರಳಿಟ್ಟು, ಕೆಳಗಿನಿಂದ ಮೇಲಕ್ಕೆ ಸರಿಸುತ್ತಾ ಹೋದರು. ಬಹಳ ನಿಧಾನ. ನಾನು ಅವಸರ ಮಾಡಲಿಲ್ಲ.

ಆಮೇಲೆ ಸಹಿ ಹಾಕಿದರು.